305 ಕಿ.ಮೀ. ಹಾರಲು 23 ನಿಮಿಷ ಸಾಲದು

ಮಾನ್ಯ ಸಂಪಾದಕರೇ,

ಹೊಸ ವಿಮಾನ ಮಾರ್ಗದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳೂ ಜಾಲತಾಣಗಳೂ ಎರಡು ನಿಲ್ದಾಣಗಳ ನಡುವಿನ ದೂರವನ್ನು ಕೊಟ್ಟು, ಪಕ್ಕದಲ್ಲೇ ‘ಹಾರಾಟದ ಅವಧಿ’ ಎಂದು ಇನ್ನೊಂದು ಅಂಕಿಯನ್ನೂ ಕೊಡುತ್ತವೆ. ಈ ಎರಡನೆಯ ಅಂಕಿ ಹಲವು ಸಲ ಬರೀ ಭಾಗಾಕಾರದ ಫಲವಾಗಿರುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.

ಮಂಗಳೂರು ಮತ್ತು ಬೆಂಗಳೂರು ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 305 ಕಿ.ಮೀ. ಅದನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ 23 ನಿಮಿಷ. ಒಂದು ಜಾಲತಾಣದಲ್ಲಿ ಇದನ್ನೇ ಓದಿದ ನನ್ನ ಭಾವ, ಬೆಳಿಗ್ಗೆ 7ಕ್ಕೆ ಮಂಗಳೂರು ಬಿಟ್ಟರೆ ಏಳೂವರೆಯೊಳಗೆ ಬೆಂಗಳೂರು ಎಂದು ಲೆಕ್ಕ ಹಾಕಿ, 9 ಗಂಟೆಗೆ ಅಲ್ಲಿಂದ ಹೊರಡುವ ಬೇರೊಂದು ಸಂಸ್ಥೆಯ ವಿಮಾನಕ್ಕೆ ಪ್ರತ್ಯೇಕ ಟಿಕೆಟ್ ಮಾಡಿಸಿದರು. ಮೊದಲ ವಿಮಾನ ತಡವೇನೂ ಆಗದೆ ವೇಳಾಪಟ್ಟಿಯಂತೆಯೇ 8.05ಕ್ಕೆ ಬಂದು ನಿಂತಿತು. ಆದರೆ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುವ ಲಗೇಜು ಕೌಂಟರು ಅಷ್ಟರಲ್ಲಿ ಮುಚ್ಚಿತ್ತು. (ತಲುಪುವ ಸಮಯ ಟಿಕೆಟ್ಟಿನಲ್ಲೇ ಇತ್ತಲ್ಲ ಎಂದು ಕೇಳಿದರೆ ಭಾವ ಮಾತು ಬದಲಿಸುತ್ತಾರೆ.)

ಮಿಕ್ಕ ನಲವತ್ತು ನಿಮಿಷ ಎಲ್ಲಿ ಹೋಗುತ್ತದೆಂದು ತಿಳಿಯಲು ಕಳೆದ ತಿಂಗಳು ಬೆಂಗಳೂರಿನಿಂದ ಬರುವಾಗ ಕಿಟಕಿಯ ಪಕ್ಕ ಕುಳಿತು ಗಡಿಯಾರ ನೋಡುತ್ತ ಬಂದೆ. ಬಾಗಿಲು ಹಾಕಿದ್ದು 6.40ಕ್ಕೆ, ಮುಂದಿದ್ದ ನಾಲ್ಕು ವಿಮಾನಗಳು ಏರಿದ ಮೇಲೆ ನಮ್ಮ ಚಕ್ರ ನೆಲ ಬಿಟ್ಟಿದ್ದು 6.59ಕ್ಕೆ. ಏರುವಾಗಲೂ ಇಳಿಯುವಾಗಲೂ ವಿಮಾನ ಅಷ್ಟು ವೇಗವಾಗಿ ಹೋಗುವುದಿಲ್ಲ. ಇಷ್ಟು ಹತ್ತಿರದ ದಾರಿಯಲ್ಲಂತೂ ಏರಿದ್ದೇ ತಡ, ಇಳಿಯಲು ತೊಡಗುತ್ತದೆ. ನನ್ನ ಚಹಾ ಅರ್ಧ ಉಳಿದಿರುವಾಗಲೇ ಗಗನಸಖಿ ಲೋಟ ಹಿಂದಕ್ಕೆ ಪಡೆದರು. ಮಂಗಳೂರು ನಿಲ್ದಾಣವಿರುವ ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿ ಈಶಾನ್ಯದಿಂದ ನೈಋತ್ಯಕ್ಕೆ ಚಾಚಿದೆ. ಗಾಳಿ ಪೂರ್ವದಿಂದ, ಅಂದರೆ ನೆಲದ ಕಡೆಯಿಂದ ಕಡಲಿನತ್ತ ಬೀಸುತ್ತಿದ್ದರೆ, ಪೂರ್ವದಿಂದ ಬಂದ ವಿಮಾನ ಊರನ್ನು ದಾಟಿ ಕಡಲ ಮೇಲೆ ಹೋಗಿ ತಿರುಗಿಕೊಂಡು ಗಾಳಿಗೆ ಎದುರಾಗಿ ಇಳಿಯಬೇಕಾಗುತ್ತದೆ. ಆ ದಿನ ಹಾಗೇ ಆಯಿತು. ನಿಲ್ದಾಣ ಹಿಂದೆ ಸರಿದು, ಕೆಳಗೆ ಮೀನುಗಾರಿಕೆ ದೋಣಿಗಳು ಕಂಡವು. ನೆಲ ಮುಟ್ಟಿದ್ದು 7.43ಕ್ಕೆ, ನಿಂತದ್ದು 7.48ಕ್ಕೆ. ಇದೇ ದಾರಿಯನ್ನು ಗಂಟೆಗೆ ಸುಮಾರು 500 ಕಿ.ಮೀ. ವೇಗದ, ಪ್ರೊಪೆಲ್ಲರ್ ಇರುವ ಚಿಕ್ಕ ಎಟಿಆರ್ ವಿಮಾನದಲ್ಲಿ ಕ್ರಮಿಸುವುದಾದರೆ ಭಾಗಾಕಾರದ ಉತ್ತರವೇ ಬೇರೆಯಾಗುತ್ತದೆ.

ದೂರದ ಊರುಗಳಿಗೂ ಇದೇ ಮಾತು. ಬೆಂಗಳೂರಿನಿಂದ ಲಂಡನ್ನಿಗೆ ನೇರ ದೂರ ಸುಮಾರು 8,000 ಕಿ.ಮೀ.; ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿಯಿಂದಾಗಿ ಹೋಗುವುದಕ್ಕಿಂತ ಬರುವುದು ಸಾಮಾನ್ಯವಾಗಿ ಬೇಗ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನಗಳು ಸುತ್ತು ಹಾಕಬೇಕಾಯಿತು, ಆದರೆ ನಕಾಶೆಯ ಮೇಲಿನ ಗೆರೆ ಒಂದು ಕಿಲೋಮೀಟರೂ ಉದ್ದವಾಗಲಿಲ್ಲ.

ಆದ್ದರಿಂದ ತಮ್ಮ ಪತ್ರಿಕೆಯಲ್ಲಿ ದೂರವನ್ನು ಕೊಡುವಾಗ ಅದು ನೇರ ದೂರ ಎಂದು ಹೇಳಿ, ಅವಧಿಯ ಜಾಗದಲ್ಲಿ ವಿಮಾನಯಾನ ಸಂಸ್ಥೆಯ ವೇಳಾಪಟ್ಟಿಯಲ್ಲಿರುವ ಹೊರಡುವ ಮತ್ತು ತಲುಪುವ ಸಮಯವನ್ನೇ, ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆಯಾಗಿ, ಅಚ್ಚು ಹಾಕಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ, ಮಂಗಳೂರು