ತೊಗಾವಾನ ತಂಗಿ

ಪುಟ್ಟಿ,

'ಆ ಹಳೇ ಕಪ್ಪು ಬಿಳುಪು ಸಿನಿಮಾನ ಮತ್ತೆ ಯಾಕಮ್ಮಾ ನೋಡಿದೆ?' ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. ಒಲೆ ಮೇಲೆ ಹಾಲಿತ್ತು, ಸರಿಯಾಗಿ ಹೇಳಲಾಗಲಿಲ್ಲ.

'ಕ್ರೂಯಲ್ ಗನ್ ಸ್ಟೋರಿ' 1964ರ ಜಪಾನಿ ಸಿನಿಮಾ. ನಿಕ್ಕಾತ್ಸು ಸ್ಟುಡಿಯೋದ್ದು, ನಿರ್ದೇಶಕ ತಕುಮಿ ಫುರುಕವಾ. ತೊಗಾವಾ ಅನ್ನುವವನು ಜೈಲಿನಿಂದ ಹೊರಗೆ ಬರುತ್ತಿದ್ದ ಹಾಗೆ ಒಬ್ಬ ಗ್ಯಾಂಗಿನ ದಣಿ ಅವನಿಗೆ ಕೆಲಸ ಒಪ್ಪಿಸುತ್ತಾನೆ. ಕುದುರೆ ರೇಸಿನ 12 ಕೋಟಿ ಯೆನ್ ಉಕ್ಕಿನ ವ್ಯಾನಿನಲ್ಲಿ ಹೋಗುತ್ತದೆ, ಅದನ್ನು ಹೊಡೆಯಬೇಕು.

ಅವರ ಉಪಾಯ ಕೇಳು. ಬಾಗಿಲು ಒಡೆಯುತ್ತಾ ರಸ್ತೆಯಲ್ಲೇ ಕೂತರೆ ಪೊಲೀಸರು ಬಂದುಬಿಡುತ್ತಾರೆ. ಅದಕ್ಕೆ ಇಡೀ ವ್ಯಾನನ್ನೇ, ಒಳಗಿರುವ ಕಾವಲುಗಾರರ ಸಮೇತ, ದೊಡ್ಡ ಲಾರಿಯೊಳಗೆ ಎಳೆದುಕೊಂಡು ಹೋಗುವುದು. ಅಲ್ಲಿ ನಾನು ಉಸಿರು ಬಿಗಿಹಿಡಿದು ಕೂತಿದ್ದೆ ಕಣೇ.

ಆದರೆ ನನ್ನನ್ನು ಹಿಡಿದದ್ದು ಅದಲ್ಲ, ಅವನ ತಂಗಿ. ಲಾರಿ ಹೊಡೆದು ಅವಳು ಗಾಲಿಕುರ್ಚಿ ಸೇರಿದ್ದಾಳೆ. ಆ ಲಾರಿಯವನನ್ನು ಕೊಂದೇ ತೊಗಾವಾ ಜೈಲಿಗೆ ಹೋಗಿದ್ದು. ಈಗ ಅವಳ ಆಪರೇಷನ್‌ಗೆ ದುಡ್ಡು ಬೇಕು. ಒಂದು ಲಾರಿ ಕಸಿದುಕೊಂಡ ನಡಿಗೆಯನ್ನು ಇನ್ನೊಂದು ಲಾರಿ ವಾಪಸ್ ಕೊಡಿಸುತ್ತೆ ಅಂತ ನಂಬಿದ್ದಾನೆ ಪಾಪ.

ತೊಗಾವಾ ಆಗಿರುವುದು ಜೋ ಶಿಶಿದೊ. ಚೆಂದದ ಹುಡುಗ, ಆದರೆ 1950ರ ದಶಕದಲ್ಲೇ ಆಪರೇಷನ್ ಮಾಡಿಸಿಕೊಂಡು ಕೆನ್ನೆ ಉಬ್ಬಿಸಿಕೊಂಡ. ಎರಡೂ ದವಡೆಗೆ ಎಲೆ ಅಡಿಕೆ ಒತ್ತಿಕೊಂಡವರ ಹಾಗೆ ಕಾಣುತ್ತಾನೆ. ತಂಗಿಯ ಮುಂದೆ ಮಾತ್ರ ಆ ಗಡುಸು ಮುಖ ಮೆತ್ತಗಾಗುತ್ತದೆ. 1967ರಲ್ಲಿ ಇವನದೇ 'ಬ್ರ್ಯಾಂಡೆಡ್ ಟು ಕಿಲ್' ಬಂತು. ಈಗ ಎಲ್ಲರೂ ಮಾತಾಡುವುದು ಅದರ ಬಗ್ಗೆಯೇ. ಇದನ್ನು ಕೇಳುವವರು ಕಡಿಮೆ. ನನಗೆ ಬೇಜಾರಾಗುತ್ತೆ.

ತೊಗಾವಾ ಲಾರಿ, ಬಂದೂಕು, ದಾರಿ ಎಲ್ಲಕ್ಕೂ ಲೆಕ್ಕ ಹಾಕಿದ್ದ. ಜತೆಗಿದ್ದವರ ಮನಸ್ಸಿಗೆ ಲೆಕ್ಕ ಹಾಕೋದು ಹೇಗೆ? 1968ರ ಡಿಸೆಂಬರ್ 10ರಂದು ಟೋಕಿಯೋದ ಫುಚುವಿನಲ್ಲಿ ನಿಜವಾಗಿಯೇ ಸುಮಾರು 30 ಕೋಟಿ ಯೆನ್ ಹೋಯಿತು. ಪೊಲೀಸ್ ವೇಷ ಹಾಕಿ ಬೈಕಿನಲ್ಲಿ ಬಂದವನು ಒಬ್ಬನೇ. ಒಂದು ಗುಂಡೂ ಹಾರಿಸದೆ ದುಡ್ಡಿದ್ದ ಕಾರನ್ನೇ ಓಡಿಸಿಕೊಂಡು ಹೋದ, ಸಿಗಲೇ ಇಲ್ಲ. ತೊಗಾವಾ ಒಬ್ಬನೇ ಇದ್ದಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತೆ.

ಹಬ್ಬಕ್ಕೆ ಬಂದಾಗ ಜತೆಗೆ ನೋಡೋಣ. ಕೊನೆ ಏನಾಗುತ್ತೆ ಅಂತ ನಿನ್ನ ಅಣ್ಣನ ಹತ್ತಿರ ಕೇಳಬೇಡ. ಮೊದಲ ಸಲ ಅವನ ಜತೆಗೇ ನೋಡಿದ್ದು. ಸಿನಿಮಾ ಪೂರ್ತಿ ಮೊಬೈಲ್ ಒತ್ತುತ್ತಿದ್ದವನು, ಗಾಲಿಕುರ್ಚಿ ಕಂಡ ಕೂಡಲೇ ಅದನ್ನು ಕೆಳಗಿಟ್ಟ. ಅವತ್ತು ರಾತ್ರಿ ಸುಮ್ನೆ ನಿನಗೆ ಫೋನ್ ಮಾಡಿದ್ದನಲ್ಲ, ಅದು ಇದಕ್ಕೇ.

ನಿನ್ನ ಅಮ್ಮ