ಅಪ್ಪಾಜಿಗೆ ಒಂದು ರೇಸಿನ ವಾಚು

ಬ್ರೆಶಾ, ಇಟಲಿ
ಜೂನ್ ತಿಂಗಳು

ಅಪ್ಪಾಜಿ, ಅಮ್ಮ, ಇಬ್ಬರಿಗೂ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ದಾವಣಗೆರೆಯಲ್ಲಿ ಮಳೆ ಹಿಡಿಯಿತಾ? ಅಮ್ಮನ ಮಂಡಿ ನೋವು ಹೇಗಿದೆ ಅಂತ ಅಕ್ಕ ತಿಳಿಸಲೇ ಇಲ್ಲ.

ಅಪ್ಪಾಜಿ, ನಿಮಗೆ ಒಂದು ವಾಚು ತಗೊಂಡಿದ್ದೇನೆ. ಫೋನಿನಲ್ಲಿ ಹೇಳಿದರೆ "ಸುಮ್ನೆ ಯಾಕೆ ದುಡ್ಡು ದಂಡ" ಅಂತೀರಿ, ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಈ ಕಾಗದ. ಪೂರ್ತಿ ಓದಿ.

ಈ ಊರಿನಿಂದ ರೋಮ್‌ಗೆ ಹೋಗಿ ವಾಪಸ್ ಇಲ್ಲಿಗೇ ಬರುವ ಒಂದು ಕಾರ್ ರೇಸ್ ಇದೆ. ಹೆಸರು ಮಿಲ್ಲೆ ಮಿಲ್ಯಾ. ಸಾವಿರ ಮೈಲಿ, ಅಂದರೆ ಸುಮಾರು 1600 ಕಿಲೋಮೀಟರ್. 1927ರಲ್ಲಿ ಶುರುವಾಯಿತು. ಟ್ರ್ಯಾಕ್ ಇಲ್ಲ, ಊರೊಳಗಿನ ಮಾಮೂಲಿ ರಸ್ತೆಯಲ್ಲೇ ಓಟ. ನಮ್ಮ ಪಿ.ಬಿ. ರೋಡಿನಲ್ಲಿ ರೇಸ್ ಬಿಟ್ಟರೆ ಹೇಗಿರುತ್ತೆ ಯೋಚಿಸಿ. ಆಗ ಕಾರಿನ ಮೇಲೆ ಬರೆದ ನಂಬರೇ ಅದು ಹೊರಡುವ ಟೈಮಾಗಿತ್ತು. 1955ರಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸಿದ ಮರ್ಸಿಡಿಸ್ ಮೇಲೆ 722 ಅಂತ ಇತ್ತು, ಬೆಳಗ್ಗೆ 7 ಗಂಟೆ 22 ನಿಮಿಷಕ್ಕೆ ಹೊರಟ ಗಾಡಿ. 10 ಗಂಟೆ 7 ನಿಮಿಷ 48 ಸೆಕೆಂಡಿಗೆ ವಾಪಸ್ ಬಂದು ಗೆದ್ದ. ಸರಾಸರಿ ವೇಗ ಗಂಟೆಗೆ 157 ಕಿಲೋಮೀಟರ್! 1957ರಲ್ಲಿ ಒಂದು ಕಾರು ಜನರ ಮೇಲೆ ಹರಿದು ಮಕ್ಕಳೂ ಸತ್ತರು. ಆ ರೇಸ್ ಅಲ್ಲಿಗೆ ನಿಂತಿತು.

ಈಗ ಅದೇ ಹೆಸರಲ್ಲಿ ಆ ಕಾಲದ ಹಳೆ ಕಾರುಗಳನ್ನು ಬೇರೆ ರೀತಿ ಓಡಿಸುತ್ತಾರೆ. ಜೋರಾಗಿ ಹೋದವನು ಗೆಲ್ಲುವುದಿಲ್ಲ. ಇಷ್ಟು ದೂರ ಇಷ್ಟೇ ಸೆಕೆಂಡಿನಲ್ಲಿ ಮುಟ್ಟಬೇಕು. ತಡವಾದರೂ ಅಂಕ ಹೋಗುತ್ತದೆ, ಬೇಗ ಬಂದರೂ ಹೋಗುತ್ತದೆ. ಈ ಸಲ ರಸ್ತೆ ಬದಿ ನಿಂತು ನೋಡುವಾಗ ನನಗೆ ನಿಮ್ಮದೇ ನೆನಪು. ನೀವು ಓಡಿಸುತ್ತಿದ್ದ ಚಿತ್ರದುರ್ಗದ ಬಸ್ಸು ಭರಮಸಾಗರಕ್ಕೆ ಬೇಗ ಬಂದುಬಿಟ್ಟರೆ ಎಂಜಿನ್ ಆರಿಸಿ ಕೂರುತ್ತಿದ್ದಿರಿ. ಜನ ಗೊಣಗೋರು. "ಹಳ್ಳಿಯಿಂದ ಓಡಿ ಬರೋರು ಇರ್ತಾರೆ, ಮುಂಚೆ ಬಿಟ್ಟರೂ ತಪ್ಪೇ" ಅಂತಿದ್ದಿರಿ. ಇಲ್ಲಿ ಅದಕ್ಕೆ ಕಪ್ ಕೊಡುತ್ತಾರೆ ಅಪ್ಪಾಜಿ.

ವಾಚು ಆ ಕಾಲದ ರೇಸ್ ಕಾರುಗಳ ಮಾದರಿಯದು. ಡಯಲ್ ನೋಡಿದರೆ ಹಳೆ ಗಾಡಿಯ ಸ್ಪೀಡೋಮೀಟರ್ ನೋಡಿದಂತೆಯೇ: ಕಪ್ಪು ಬಣ್ಣ, ದಪ್ಪ ಅಂಕಿ, ಸಣ್ಣ ಕೆಂಪು ಸೆಕೆಂಡ್ ಮುಳ್ಳು. ಚರ್ಮದ ಪಟ್ಟಿಯಲ್ಲಿ ಸಾಲಾಗಿ ತೂತುಗಳಿವೆ. ಆಗಿನ ಡ್ರೈವರುಗಳ ಗ್ಲೌಸೂ ಹಾಗೇ ಇರುತ್ತಿತ್ತು, ಗಾಳಿ ಆಡಲಿ ಅಂತ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಅದು ಬೇಕೇ ಬೇಕು. ಶೋಪಾರ್ ಕಂಪನಿಯವರು ಈ ರೇಸಿನ ಹೆಸರಲ್ಲೇ ವಾಚು ಮಾಡುತ್ತಾರೆ, ಡನ್‌ಲಪ್ ಟೈರಿನ ಗೆರೆ ಇರುವ ರಬ್ಬರ್ ಪಟ್ಟಿ ಹಾಕಿ. ಚಂದವೇ, ಆದರೆ ಲಕ್ಷಗಟ್ಟಲೆ ಬೆಲೆ. ಅದನ್ನು ಗಾಜಿನಾಚೆಯಿಂದ ನೋಡಿ ಬಂದೆ.

ಡಯಲ್ ಸುತ್ತ ಇರುವ ಅಂಕಿಗಳು ವೇಗ ಅಳೆಯೋಕೆ. ಕಿಲೋಮೀಟರ್ ಕಲ್ಲು ದಾಟುವಾಗ ಸೆಕೆಂಡ್ ಮುಳ್ಳು 12ರ ಮೇಲಿರಬೇಕು. ಮುಂದಿನ ಕಲ್ಲು ಬಂದಾಗ ಮುಳ್ಳು ಎಲ್ಲಿದೆಯೋ ಅಲ್ಲಿನ ಅಂಕಿಯೇ ವೇಗ. 45 ಸೆಕೆಂಡ್ ಆದರೆ 80, 60 ಆದರೆ 60. ಅಕ್ಕನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ನೋಡಿ. ಭಾವ ಎಷ್ಟು ಜೋರಾಗಿ ಓಡಿಸ್ತಾರೆ ಗೊತ್ತಾಗುತ್ತೆ.

ಇದು ಆಟೋಮ್ಯಾಟಿಕ್, ಬ್ಯಾಟರಿ ಇಲ್ಲ. ಹಿಂದಿನ ಗಾಜಿನಲ್ಲಿ ಅರ್ಧಚಂದ್ರದಂಥ ಒಂದು ತೂಕ ಕಾಣುತ್ತದೆ. ಕೈ ಆಡಿದಂತೆ ಅದು ತಿರುಗಿ ಸ್ಪ್ರಿಂಗ್ ಸುತ್ತುತ್ತದೆ. ಪೂರ್ತಿ ಸುತ್ತಿದ್ದರೆ, ಬಿಚ್ಚಿಟ್ಟರೂ 41 ಗಂಟೆ ನಡೆಯುತ್ತದೆ. ಹಾಗಂತ ಬೀರುವಿನಲ್ಲಿ ಇಡಬೇಡಿ, ದಯವಿಟ್ಟು. ಮದುವೆಗೆ ಮಾತ್ರ ಕಟ್ಟೋದು ಅಂತ ಅಮ್ಮನೂ ಹೇಳಬಾರದು. ಬೆಳಗ್ಗೆ ಕುಂದುವಾಡ ಕೆರೆಗೆ ವಾಕಿಂಗ್ ಹೋಗುವಾಗಲೇ ಕಟ್ಟಿಕೊಳ್ಳಿ. ಒಳಗಿರುವುದು ಸೀಕೋದ ಎನ್‌ಎಚ್ 35 ಯಂತ್ರ, 24 ಕಲ್ಲಿನದು (ಚಕ್ರಗಳು ಸವೆಯದಂತೆ ಕೂರಿಸುವ ಪುಟ್ಟ ಕಲ್ಲುಗಳು). ಜಪಾನಿನದಾ ಅಂತ ಮೂಗು ಮುರಿಯಬೇಡಿ. ನಿಮ್ಮ ಎಚ್‌ಎಂಟಿಯವರೂ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡೋಕೆ ಶುರು ಮಾಡಿದ್ದು ಜಪಾನಿನ ಸಿಟಿಜನ್ ಜೊತೆ ಸೇರಿಯೇ. ಆ ಪೈಲಟ್ ವಾಚನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ದಿನಾ ಕೀ ಕೊಡುವ ಅಭ್ಯಾಸ ನಿಮಗಿದೆ, ಕೊಡುತ್ತಲೇ ಇರಿ.

ದಿನಕ್ಕೆ ಒಂದಷ್ಟು ಸೆಕೆಂಡು ಹಿಂದೆಮುಂದೆ ಆಗುತ್ತದೆ. ಅದು ದೋಷ ಅಲ್ಲ. ರೇಡಿಯೋ ವಾರ್ತೆಯ ಹೊತ್ತಿಗೆ ಸರಿಮಾಡಿಕೊಳ್ಳಿ, ಯಾವಾಗಲೂ ಮಾಡುವಂತೆ. ಆದರೆ ರಾತ್ರಿ 9ರಿಂದ ಬೆಳಗಿನ ಜಾವದವರೆಗೆ ತಾರೀಖು ಮಾತ್ರ ತಿರುಗಿಸಬೇಡಿ. ಆ ಹೊತ್ತಿನಲ್ಲಿ ಹಲ್ಲುಚಕ್ರಗಳು ತಾವೇ ತಾರೀಖು ಬದಲಿಸುತ್ತಿರುತ್ತವೆ, ಮುರಿಯಬಹುದು. ಸ್ಪೀಕರ್ ಮೇಲೆ ಇಡಬೇಡಿ, ಅಯಸ್ಕಾಂತ ತಾಗಿದರೆ ಟೈಮು ಕೆಡುತ್ತದೆ.

ಗೌರಿ ಹಬ್ಬಕ್ಕೆ ಹರಿಹರದ ಗೆಳೆಯ ಊರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಪಟ್ಟಿ ಎರಡು ಅಳತೆಯಲ್ಲಿ ಸಿಗುತ್ತದೆ. ನಿಮ್ಮ ಎಡಗೈ ಮಣಿಕಟ್ಟಿಗೆ ಒಂದು ದಾರ ಸುತ್ತಿ, ಸ್ಕೇಲಿನ ಮೇಲಿಟ್ಟು ಎಷ್ಟು ಸೆಂಟಿಮೀಟರ್ ಅಂತ ಅಕ್ಕನಿಗೆ ಹೇಳಿ. ಅವಳು ಮೆಸೇಜ್ ಮಾಡಲಿ. ಬಿಗಿಯಾಗಿ ಸುತ್ತಬೇಡಿ.

ಇಂತಿ ನಿಮ್ಮ ಮಗ