ಕಾರಣ ಬರೀದೆ ಜವಾನನ ಪೆನ್ಷನ್ ತಳ್ಳಿಹಾಕೋದು ನಿಲ್ಲಲಿ

ಮಾನ್ಯ ಸಂಪಾದಕರೇ,

ಸೇನೆಯಲ್ಲಿ ಇದ್ದಾಗ ಕಾಯಿಲೆ ಬಿದ್ದು ಇಲ್ಲಾ ಗಾಯ ಆಗಿ ಮನೆಗೆ ಬಂದ ಜವಾನರ ಡಿಸೆಬಿಲಿಟಿ ಪೆನ್ಷನ್ ಬಗ್ಗೆ ಬರೀತಿದೀನಿ. ನಾನೂ ಸರ್ವಿಸ್ ಮಾಡಿ ಬಂದವನೇ, ಗೊತ್ತಿರೋ ಮಾಜಿ ಸೈನಿಕರು ಫೈಲ್ ಹಿಡ್ಕೊಂಡು ಬಂದ್ರೆ ಅಪೀಲು ಬರ್ಕೊಡ್ತೀನಿ, ಹಾಗಾಗಿ ಈ ಕಾಗದಗಳನ್ನ ಹತ್ತಿರದಿಂದ ನೋಡಿದೀನಿ. ನೋಡಿದಷ್ಟೂ ಒಂದೇ ವಿಷಯ ಬೇಜಾರು ಮಾಡುತ್ತೆ. ಪೆನ್ಷನ್ ಇಲ್ಲ ಅಂತಾರೆ, ಯಾಕೆ ಇಲ್ಲ ಅಂತ ಮಾತ್ರ ಬರೆಯೋದಿಲ್ಲ.

ಓದುಗರಿಗೆ ಗೊತ್ತಿರಲಿ ಅಂತ ಹೇಳ್ತೀನಿ. ಡಿಸೆಬಿಲಿಟಿ ಪೆನ್ಷನ್ ಸಿಗೋಕೆ ಎರಡು ವಿಷಯ ನೋಡ್ತಾರೆ, ಅಂಗವೈಕಲ್ಯ ಕನಿಷ್ಠ ಶೇ 20 ಇರ್ಬೇಕು, ಮತ್ತೆ ಅದು ಸರ್ವಿಸ್‌ನಿಂದ ಬಂದಿರಬೇಕು ಅಥವಾ ಸರ್ವಿಸ್‌ನಿಂದ ಜಾಸ್ತಿ ಆಗಿರಬೇಕು. ಇದನ್ನ ಹೇಳೋದು ಸೇನೆಯ ಡಾಕ್ಟರುಗಳಿರೋ ಮೆಡಿಕಲ್ ಬೋರ್ಡ್. ಶೇಕಡಾವಾರು ಲೆಕ್ಕದಲ್ಲಿ ಅಷ್ಟೇನೂ ಜಗಳ ಇಲ್ಲ, ಜಗಳ ಇರೋದು ಎರಡನೇದ್ರಲ್ಲಿ. ‘ಸರ್ವಿಸ್‌ನಿಂದ ಬಂದಿದ್ದಲ್ಲ, ಸರ್ವಿಸ್‌ನಿಂದ ಹೆಚ್ಚಾಗಿದ್ದೂ ಅಲ್ಲ’ ಅಂತ ಬೋರ್ಡ್ ಒಂದು ಸಾಲು ಬರೆದ್ರೆ ಮುಗೀತು, ಜವಾನ ಫಸ್ಟ್ ಅಪೀಲು ಹಾಕಿದ್ರೆ ಅದೇ ಸಾಲು ವಾಪಸ್ ಬರುತ್ತೆ, ಸೆಕೆಂಡ್ ಅಪೀಲು ಹಾಕಿದ್ರೂ ಅದೇ ಸಾಲು, ಆಮೇಲೆ ಸೈನಿಕರ ಕೇಸು ನೋಡೋ ನ್ಯಾಯಮಂಡಳಿ, ಅಂದ್ರೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್‌ಗೆ ಹೋಗ್ಬೇಕು, ನಮ್ಮ ರಾಜ್ಯದವರ ಕೇಸು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತೆ.

ಬೋರ್ಡ್ ಏನಾದ್ರೂ ಕಾರಣ ಕೊಟ್ರೂ ಸಾಮಾನ್ಯವಾಗಿ ಸಿಗೋ ಕಾರಣ ಏನಂದ್ರೆ ‘ಕಾಯಿಲೆ ಪೀಸ್ ಸ್ಟೇಷನ್‌ನಲ್ಲಿ ಶುರುವಾಗಿದೆ’ ಅನ್ನೋದು, ಅಂದ್ರೆ ಗಡಿ, ಕಾರ್ಯಾಚರಣೆ ಜಾಗದಲ್ಲಲ್ಲ, ಶಾಂತಿ ಇರೋ ಜಾಗದ ಪೋಸ್ಟಿಂಗ್‌ನಲ್ಲಿ. ಇದು ನಂಗೆ ಇವತ್ತಿಗೂ ಅರ್ಥ ಆಗಿಲ್ಲ. ಒಬ್ಬ ಮನುಷ್ಯ ವರ್ಷಗಟ್ಲೆ ಎತ್ತರದ ಪ್ರದೇಶದಲ್ಲಿ, ಫೀಲ್ಡ್‌ನಲ್ಲಿ, ಹೆಂಡ್ತಿ ಮಕ್ಕಳನ್ನ ಬಿಟ್ಟು ಡ್ಯೂಟಿ ಮಾಡಿ ಪೀಸ್‌ಗೆ ಬಂದ ಮೇಲೆ ಚೆಕಪ್‌ನಲ್ಲಿ ಬಿಪಿ ಸಿಕ್ತು ಅಂದ್ರೆ ಆ ಹಿಂದಿನ ವರ್ಷಗಳಿಗೆ ಲೆಕ್ಕವೇ ಇಲ್ವಾ? ಮತ್ತೆ ಪೀಸ್ ಸ್ಟೇಷನ್ ಅಂದ್ರೆ ರಜೆ ಅಲ್ಲ, ಅಲ್ಲೂ ಗಾರ್ಡ್ ಡ್ಯೂಟಿ ಇರುತ್ತೆ, ಎಕ್ಸರ್ಸೈಜ್ ಇರುತ್ತೆ, ಯಾವಾಗ ಬೇಕಾದ್ರೂ ಮೂವ್ ಆರ್ಡರ್ ಬರುತ್ತೆ.

ಕಾನೂನು ಹೇಳೋದು ಪೂರ್ತಿ ಬೇರೇನೇ. ಸುಪ್ರೀಂ ಕೋರ್ಟ್ 2013ರ ಜುಲೈ 2ರಂದು ಧರ್ಮವೀರ್ ಸಿಂಗ್ ಕೇಸಿನಲ್ಲಿ ಇದನ್ನ ಬಿಡಿಸಿ ಹೇಳಿದೆ. ಭರ್ತಿ ಆಗೋವಾಗ ಡಾಕ್ಟರ್ ಪರೀಕ್ಷೆ ಮಾಡಿ ಫಿಟ್ ಅಂದಿದ್ರೆ, ಕಾಯಿಲೆ ಇತ್ತು ಅಂತ ಆವತ್ತಿನ ದಾಖಲೆಯಲ್ಲಿ ಬರೆದಿಲ್ಲ ಅಂದ್ರೆ, ಆಮೇಲೆ ಬಂದ ಕಾಯಿಲೆ ಸರ್ವಿಸ್‌ನಿಂದಲೇ ಬಂತು ಅಂತ ತಿಳ್ಕೋಬೇಕು. ಅಲ್ಲ ಅನ್ನೋದಾದ್ರೆ ಅದನ್ನ ತೋರಿಸ್ಬೇಕಾದ ಹೊಣೆ ಇಲಾಖೆದು, ಜವಾನಂದಲ್ಲ, ಅನುಮಾನ ಉಳಿದ್ರೆ ಅದರ ಲಾಭ ಜವಾನನಿಗೆ. ಭರ್ತಿ ಸಮಯದಲ್ಲಿ ಕಾಯಿಲೆ ಪತ್ತೆ ಆಗೋಕೆ ಸಾಧ್ಯ ಇರ್ಲಿಲ್ಲ ಅನ್ನೋದು ಬೋರ್ಡ್ ಅಭಿಪ್ರಾಯ ಆದ್ರೆ ಕಾರಣ ಬರೀಲೇಬೇಕು. ಇದೇನು ಕೋರ್ಟ್ ಹೊಸದಾಗಿ ಹುಟ್ಟಿಸಿದ್ದಲ್ಲ, ಸರ್ಕಾರದ್ದೇ 1982ರ ನಿಯಮಗಳಲ್ಲಿ ಇದ್ದ ಮಾತು. ಇಷ್ಟು ಸ್ಪಷ್ಟ ಇದ್ರೂ ಸರ್ಕಾರ ಅಪೀಲು ಹಾಕ್ತಾನೇ ಹೋಯ್ತು, 2015ರ ಫೆಬ್ರುವರಿಯಲ್ಲಿ ರಾಜ್‌ಬೀರ್ ಸಿಂಗ್ ಕೇಸಿನ ಜೊತೆ ಸೇರಿಸಿ ಅಂಥ ಅಪೀಲುಗಳನ್ನ ಸುಪ್ರೀಂ ಕೋರ್ಟ್ ವಜಾ ಮಾಡ್ತು. ಅದೇ ವರ್ಷ ಮನೋಹರ್ ಪರಿಕ್ಕರ್ ಅವರು ರಕ್ಷಣಾ ಮಂತ್ರಿ ಇದ್ದಾಗ ತಜ್ಞರ ಸಮಿತಿ ಮಾಡಿದ್ರು, ತೀರ್ಮಾನ ಆಗಿರೋ ವಿಷಯಗಳಲ್ಲಿ ಡಿಸೆಬಿಲಿಟಿ ಪೆನ್ಷನ್ ಅಪೀಲುಗಳನ್ನ ವಾಪಸ್ ತಗೊಳ್ಳಿ ಅಂತ ಆ ಸಮಿತಿಯೇ ಹೇಳ್ತು. ಆಮೇಲೆ 2025ರ ಮಾರ್ಚಲ್ಲಿ ದಿಲ್ಲಿ ಹೈಕೋರ್ಟ್ ಮತ್ತೆ ಅದೇ ಮಾತು ಹೇಳ್ಬೇಕಾಗಿ ಬಂತು, ಪೀಸ್ ಸ್ಟೇಷನ್ ಅನ್ನೋದೊಂದೇ ಸಾಲದು, ಕಾರಣ ಬರೀರಿ ಅಂತ. ಹನ್ನೆರಡು ವರ್ಷ ಕಳೆದ್ರೂ ಅದೇ ಪ್ರಶ್ನೆ, ಅದೇ ಉತ್ತರ.

ದುಡ್ಡಿನ ಲೆಕ್ಕ ಹೇಳ್ತೀನಿ. ಶೇ 100 ಅಂಗವೈಕಲ್ಯಕ್ಕೆ ಡಿಸೆಬಿಲಿಟಿ ಎಲಿಮೆಂಟ್, ಅಂದ್ರೆ ಪೆನ್ಷನ್‌ನಲ್ಲಿ ಅಂಗವೈಕಲ್ಯಕ್ಕೆ ಅಂತ ಕೊಡೋ ಭಾಗ, ಕೊನೇ ಸಂಬಳದ ಶೇ 30. ಸಂಬಳ 40,000 ರೂಪಾಯಿ ಇತ್ತು ಅಂದ್ಕೊಂಡ್ರೆ ಶೇ 20 ಇರೋನಿಗೆ ತಿಂಗಳಿಗೆ 2,400 ರೂಪಾಯಿ, ಬ್ರಾಡ್ ಬ್ಯಾಂಡಿಂಗ್ ಪ್ರಕಾರ, ಅಂದ್ರೆ ಶೇಕಡಾವಾರನ್ನ ಮೇಲಿನ ಹಂತಕ್ಕೆ ಏರಿಸಿ ಲೆಕ್ಕ ಹಾಕೋ ಪದ್ಧತಿಯಲ್ಲಿ, ಅದನ್ನ ಶೇ 50 ಅಂತ ಹಿಡಿದ್ರೆ 6,000. ಈ ಬ್ರಾಡ್ ಬ್ಯಾಂಡಿಂಗ್ ಮೊದ್ಲು ಕಾಯಿಲೆಯಿಂದ ಅವಧಿಗೆ ಮುಂಚೆ ಹೊರಗೆ ಬಂದವರಿಗೆ ಮಾತ್ರ ಇತ್ತು, ಅವಧಿ ಮುಗಿಸಿ ಬಂದವರಿಗೂ ಕೊಡ್ಬೇಕು ಅಂತ 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪು ಹೇಳ್ತು. ಇಷ್ಟು ಹಣಕ್ಕೆ ಇಲಾಖೆ ವಕೀಲರನ್ನಿಟ್ಟು ಹೈಕೋರ್ಟ್, ಸುಪ್ರೀಂ ಕೋರ್ಟ್ ಅಂತ ಹೋಗೋದು ನಮ್ಮೆಲ್ಲರ ತೆರಿಗೆ ದುಡ್ಡಲ್ಲೇ ಅಲ್ವಾ. ಮತ್ತೆ ಜವಾನನಿಗೆ ಸರ್ವಿಸ್ ಪೆನ್ಷನ್ ಬರೋಕೆ 15 ವರ್ಷ ಆಗಿರಬೇಕು, ಎಂಟೊಂಬತ್ತು ವರ್ಷಕ್ಕೇ ಕಾಯಿಲೆ ಬಿದ್ದು ಮನೆಗೆ ಕಳಿಸಿದ್ರೆ ಅವನ ಅನ್ನ ನಿಂತಿರೋದು ಬೋರ್ಡ್ ಬರೆಯೋ ಆ ಒಂದು ಸಾಲಿನ ಮೇಲೇನೇ. ಹತ್ತು ವರ್ಷಕ್ಕಿಂತ ಕಮ್ಮಿ ಸರ್ವಿಸ್ ಇದ್ರೂ ಇನ್‌ವ್ಯಾಲಿಡ್ ಪೆನ್ಷನ್ (ಆರೋಗ್ಯ ಕೆಟ್ಟು ಸರ್ವಿಸ್‌ಗೆ ಆಗಲ್ಲ ಅಂತ ಕಳಿಸಿದವರಿಗೆ ಕೊಡೋ ಪೆನ್ಷನ್) ಕೊಡ್ತೀವಿ ಅಂತ 2020ರಲ್ಲಿ ಆದೇಶ ಬಂತು, ಒಳ್ಳೇದೇ, ಆದ್ರೆ ಅದು 2019ರ ಜನವರಿ 4ಕ್ಕೆ ಅಥವಾ ಆಮೇಲೆ ಸರ್ವಿಸ್‌ನಲ್ಲಿ ಇದ್ದವರಿಗೆ ಮಾತ್ರ, ಹಳಬರಿಗೆ ಇಲ್ಲ.

ದುರುಪಯೋಗ ಆಗ್ತಿದೆ ಅಂತ ಹೇಳೋರಿದ್ದಾರೆ, ರಿಟೈರ್ ಆಗೋ ಹೊತ್ತಿಗೆ ಬಿಪಿ ಶುಗರ್ ತೋರಿಸಿ ಪೆನ್ಷನ್ ತಗೋತಾರೆ ಅಂತ. 2023ರ ಸೆಪ್ಟೆಂಬರ್‌ನಲ್ಲಿ ಈ ಪೆನ್ಷನ್‌ಗೆ ಹೊಸ ನಿಯಮ ಬಂದಾಗಲೂ ಇದೇ ಮಾತು ಕೇಳಿಬಂತು. ಹಾಗೆ ಮಾಡೋರು ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ, ಇದ್ರೆ ತಡೀಲಿ. ಆದ್ರೆ ತಡೆಯೋಕೂ ಬೇಕಾಗಿರೋದು ಅದೇ ಕಾರಣ ತಾನೇ. ಈ ಕಾಯಿಲೆಗೂ ಈ ಸರ್ವಿಸ್‌ಗೂ ಯಾಕೆ ಸಂಬಂಧ ಇಲ್ಲ, ಎಲ್ಲೆಲ್ಲಿ ಪೋಸ್ಟಿಂಗ್ ಇತ್ತು, ಏನು ಡ್ಯೂಟಿ ಇತ್ತು, ಇದನ್ನೆಲ್ಲ ನೋಡಿ ಡಾಕ್ಟರು ಅರ್ಧ ಪುಟ ಬರೆದ್ರೆ ಸುಳ್ಳು ಕ್ಲೇಮು ಅಲ್ಲೇ ನಿಲ್ಲುತ್ತೆ, ನಿಜವಾದ ಕ್ಲೇಮು ಟ್ರಿಬ್ಯೂನಲ್ ತನಕ ಹೋಗೋ ಅವಶ್ಯಕತೆನೇ ಬರಲ್ಲ.

ನಮ್ಮ ರಾಜ್ಯದ ಸಂಸದರು ಇದನ್ನ ರಕ್ಷಣಾ ಮಂತ್ರಿಗಳ ಹತ್ರ ಎತ್ತಬೇಕು. ಕಾರಣ ಇಲ್ಲದ ಬೋರ್ಡ್ ಅಭಿಪ್ರಾಯವನ್ನ ಫಸ್ಟ್ ಅಪೀಲಲ್ಲೇ ವಾಪಸ್ ಕಳಿಸಿ ಮತ್ತೆ ಬರೆಸ್ಬೇಕು, ಧರ್ಮವೀರ್ ಸಿಂಗ್ ತೀರ್ಪಿನ ವ್ಯಾಪ್ತಿಗೆ ಬರೋ ಕೇಸಲ್ಲಿ ಟ್ರಿಬ್ಯೂನಲ್ ಕೊಟ್ಟಿದ್ದನ್ನ ಇಲಾಖೆ ಒಪ್ಕೋಬೇಕು.

ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ಒಂದು ಮಾತು. ಮೆಡಿಕಲ್ ಬೋರ್ಡ್ ಕಾಗದದ ನಕಲು ಇಲ್ಲದೆ ಅಪೀಲು ಬರೀಬೇಡಿ, ಇಲ್ಲ ಅಂದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತರಿಸ್ಕೊಳ್ಳಿ. ತಿರಸ್ಕಾರದ ಪತ್ರ ಬಂದ ತಾರೀಕು ಬರೆದಿಟ್ಕೊಳ್ಳಿ, ಅಪೀಲಿಗೆ ಆರು ತಿಂಗಳು ಅವಧಿ ಇರುತ್ತೆ, ಬೋರ್ಡ್ ಕಾರಣ ಬರೆದಿಲ್ಲ ಅನ್ನೋದನ್ನೇ ಅದರ ಮೊದಲ ಸಾಲಲ್ಲಿ ಹೇಳಿ.

ಇಂತಿ,
ಒಬ್ಬ ಮಾಜಿ ಸೈನಿಕ